ನಿಂಬೆಹಣ್ಣು ಮತ್ತು ಕಿಟಕಿಯ ಚೀಟಿ

ನಮ್ಮೂರಲ್ಲಿ ಹೊಸ ಗಾಡಿ ತಂದರೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸ್ತೀವಿ. ದೃಷ್ಟಿ ತಾಕದಿರಲಿ ಅಂತ. ಅಮೆರಿಕದಲ್ಲಿ ಗಾಡಿಯನ್ನೇ ನಿಂಬೆಹಣ್ಣು ಅಂದರೆ ಬೈಗುಳ. ಹೊರಗೆ ಹೊಳಪು, ಒಳಗೆ ಹುಳಿ. ಎಷ್ಟು ರಿಪೇರಿ ಮಾಡಿದರೂ ಸರಿಹೋಗದ ಗಾಡಿ ಅಂತ ಅರ್ಥ. ಅಂಥದ್ದೊಂದು ಹಣ್ಣು ನನ್ನ ಪಾಲಿಗೂ ಬಂತು. ಅದರಿಂದಾಗಿಯೇ ಐಟಿಐ ಓದಿದ ನಾನು ಕಾನೂನಿನ ಚರಿತ್ರೆ ಓದಬೇಕಾಯಿತು. ಓದಿದ್ದನ್ನು ಕೂಟದ ಅಣ್ಣತಮ್ಮಂದಿರು, ಅಕ್ಕತಂಗಿಯರ ಜೊತೆ ಹಂಚಿಕೊಳ್ಳೋಣ ಅಂತ ಈ ಲೇಖನ.

ನಾನು ನ್ಯೂಯಾರ್ಕಿನಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರ ಕೈಕೆಳಗೆ ಕೆಲಸ ಮಾಡ್ತೀನಿ. ಬೆಳಗ್ಗೆ ಏಳಕ್ಕೆ ಸೈಟಿನಲ್ಲಿರಬೇಕು, ಟೂಲ್ಸ್ ಜೊತೆಗಿರಬೇಕು. ಗಾಡಿ ಇಲ್ಲದಿದ್ದರೆ ಕೆಲಸವೂ ಇಲ್ಲ. ಎರಡು ವರ್ಷ ಉಳಿಸಿದ ದುಡ್ಡಿನಲ್ಲಿ, 7,800 ಡಾಲರಿಗೆ, 62,000 ಮೈಲಿ ಓಡಿದ ಕಾರೊಂದನ್ನು ಡೀಲರ್ ಹತ್ತಿರ ತಗೊಂಡೆ. ಒಂಬತ್ತನೇ ದಿನ ಹೈವೇ ಮೇಲೆ ಬ್ಯಾಟರಿ ದೀಪ ಹತ್ತಿಕೊಂಡಿತು, ಆಮೇಲೆ ಗಾಡಿಯೇ ನಿಂತುಹೋಯಿತು. ಡೀಲರ್ ಹೇಳಿದ್ದು ಒಂದೇ ಮಾತು: "ಬ್ಯಾಟರಿ ವಾರಂಟಿಗೆ ಬರಲ್ಲ."

ಇಂಥ ಮಾತು ಹೇಳಿ ಕೈತೊಳೆದುಕೊಳ್ಳುವುದು ಇಲ್ಲಿ ಬಹಳ ಕಾಲ ನಡೆದುಬಂದದ್ದೇ. ಇಂಗ್ಲೆಂಡಿನಿಂದ ಬಂದ ಹಳೇ ನಿಯಮ, ಕೊಳ್ಳುವವನೇ ಹುಷಾರಾಗಿರಬೇಕು ಅಂತ. ಆಮೇಲೆ ಬಂದ ವ್ಯಾಪಾರದ ಕಾನೂನು, ಮಾರಿದ ವಸ್ತು ಅದರ ಕೆಲಸಕ್ಕೆ ಯೋಗ್ಯವಾಗಿರಬೇಕು ಅಂದಿತು. ಆದರೆ "ಇದ್ದ ಹಾಗೇ ಮಾರಿದ್ದೇನೆ" ಅಂತ ಬರೆದುಬಿಟ್ಟರೆ ಆ ಹೊಣೆಯಿಂದ ಮಾರುವವನು ಜಾರಿಕೊಳ್ಳಬಹುದಿತ್ತು.

ಇದು ಒಬ್ಬನ ಮೋಸ ಮಾತ್ರವಲ್ಲ, ಪೂರ್ತಿ ಸಂತೆಯನ್ನೇ ಕೆಡಿಸುವ ರೋಗ ಅಂತ 1970ರಲ್ಲಿ ತೋರಿಸಿಕೊಟ್ಟವರು ಜಾರ್ಜ್ ಅಕರ್ಲೋಫ್ ಎಂಬ ಅರ್ಥಶಾಸ್ತ್ರಜ್ಞ. ಅವರ ಲೇಖನದ ಹೆಸರಿನಲ್ಲೇ ನಿಂಬೆಹಣ್ಣು ಇದೆ. ವಾದ ಸರಳ. ಗಾಡಿಯ ಒಳಗಿನ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಭಯಪಟ್ಟು ಕಡಿಮೆ ಬೆಲೆ ಕೇಳ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವನು ಮಾರಲ್ಲ, ಸಂತೆಯಲ್ಲಿ ಉಳಿಯುವುದು ಕೆಟ್ಟದ್ದೇ. ಮೂರು ಪತ್ರಿಕೆಗಳು ಈ ಲೇಖನವನ್ನು ವಾಪಸ್ ಕಳಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಖುಷಿಯಾದದ್ದು ಬೇರೆ ವಿಷಯಕ್ಕೆ. ಅಕರ್ಲೋಫ್ 1967-68ರಲ್ಲಿ ದೆಹಲಿಯಲ್ಲಿದ್ದರು. ಲೇಖನದಲ್ಲಿ ನಮ್ಮ ದೇಶದ ಅಕ್ಕಿಯ ಮಾತಿದೆ: ಅಂಗಡಿಯವರು ಅದೇ ಬಣ್ಣದ, ಅದೇ ಆಕಾರದ ಕಲ್ಲು ಬೆರೆಸ್ತಾರೆ, ಮನೆಯ ಹೆಂಗಸರು ಕೂತು ಆರಿಸಬೇಕು ಅಂತ. ನಮ್ಮವ್ವ ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಆರಿಸ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಾಯಿತು. ಅವ್ವನ ಕೈಯಲ್ಲಿ ಮೊರ ಇತ್ತು. ಕಾರು ಕೊಳ್ಳುವವನ ಕೈಯಲ್ಲಿ ಏನಿದೆ?

1975ರಲ್ಲಿ ಅಮೆರಿಕದ ಸಂಸತ್ತು ವಾರಂಟಿಗಳ ಬಗ್ಗೆ ಮ್ಯಾಗ್ನುಸನ್-ಮಾಸ್ ಕಾನೂನು ತಂದಿತು. ಹಳೇ ಕಾರುಗಳಿಗೂ ಒಂದು ನಿಯಮ ರೂಪಿಸಲು ಕೈಹಾಕಬೇಕು ಅಂತ ಅದರಲ್ಲೇ ಫೆಡರಲ್ ಟ್ರೇಡ್ ಕಮಿಷನ್ನಿಗೆ ಹೇಳಿತ್ತು. 1981ರಲ್ಲಿ ನಿಯಮ ತಯಾರಾಯಿತು: ಡೀಲರ್ ಕಿಟಕಿಗೆ ಚೀಟಿ ಅಂಟಿಸಬೇಕು, ತನಗೆ ಗೊತ್ತಿರುವ ದೋಷಗಳನ್ನು ಅದರಲ್ಲಿ ಬರೆಯಬೇಕು. ಡೀಲರುಗಳು ಗಲಾಟೆ ಎಬ್ಬಿಸಿದರು. 1982ರಲ್ಲಿ ಸಂಸತ್ತಿನ ಎರಡೂ ಮನೆಗಳು, ಅಧ್ಯಕ್ಷರ ಸಹಿಗೂ ಕಳಿಸದೆ, ಆ ನಿಯಮವನ್ನು ಹೊಡೆದುಹಾಕಿದವು.

ಆಮೇಲೆ ಬಂದದ್ದು ನಮ್ಮಂಥ ವಲಸಿಗನೊಬ್ಬನ ಕಥೆ. ಜಗದೀಶ್ ಚಡ್ಡಾ ಅಂತ, ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು, ಬ್ರಿಟಿಷ್ ಪಾಸ್‌ಪೋರ್ಟ್. 1966ರಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಬಂದಿದ್ದರು. ವೀಸಾ 1972ರಲ್ಲಿ ಮುಗಿಯಿತು. ವಲಸೆ ನ್ಯಾಯಾಧೀಶರು ಇವರನ್ನು ಹೊರಗೆ ಕಳಿಸುವುದು ಬೇಡ ಅಂದರು. 1975ರಲ್ಲಿ ಸಂಸತ್ತಿನ ಕೆಳಮನೆ ಒಂದೇ ಕೂತು, ಕಳಿಸಲೇಬೇಕು ಅಂದಿತು. ಚಡ್ಡಾ ಬಿಡಲಿಲ್ಲ. 1983ರ ಜೂನ್ 23ರಂದು ಸುಪ್ರೀಂ ಕೋರ್ಟು, ಕಾನೂನು ಮಾಡುವ ಪೂರ್ತಿ ದಾರಿ ಹಿಡಿಯದೆ ಸಂಸತ್ತು ಹೀಗೆ ತಳ್ಳಿಹಾಕುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಹಳೇ ಕಾರಿನ ನಿಯಮವನ್ನು ಹೊಡೆದದ್ದೂ ತಪ್ಪು ಅಂತ ಕೆಳಗಿನ ಕೋರ್ಟು ಆಗಲೇ ಹೇಳಿತ್ತು. ಚಡ್ಡಾ ತೀರ್ಪು ಬಂದ ಎರಡೇ ವಾರದಲ್ಲಿ ಸುಪ್ರೀಂ ಕೋರ್ಟು ಅದನ್ನೂ ಎತ್ತಿಹಿಡಿಯಿತು. ಒಬ್ಬ ವಲಸಿಗ ತನ್ನ ಊಟ-ವಸತಿಗಾಗಿ ಹೋರಾಡಿದ್ದು, ಕಾರಿನ ಕಿಟಕಿಯ ಚೀಟಿಗೂ ಜೀವ ಕೊಟ್ಟಿತು.

ಪೂರ್ತಿ ಜೀವ ಅಲ್ಲ, ಅರ್ಧ. ಕಮಿಷನ್ 1984ರಲ್ಲಿ ನಿಯಮವನ್ನು ತಿದ್ದುವಾಗ, ಗೊತ್ತಿರುವ ದೋಷ ಬರೆಯಬೇಕೆಂಬ ಸಾಲನ್ನು ಬಿಟ್ಟುಬಿಟ್ಟಿತು. 1985ರಿಂದ ಜಾರಿಯಾದ ಚೀಟಿ ವಾರಂಟಿ ಇದೆಯೋ ಇಲ್ಲವೋ ಹೇಳುತ್ತದೆ. ಗಾಡಿ ಕೆಟ್ಟಿದೆಯೋ ಇಲ್ಲವೋ ಹೇಳಲ್ಲ.

ಉಳಿದ ಅರ್ಧವನ್ನು ತುಂಬಿದ್ದು ರಾಜ್ಯಗಳು. ಹೊಸ ಕಾರಿಗೆ ಮೊದಲ ನಿಂಬೆ ಕಾನೂನು ತಂದದ್ದು ಕನೆಕ್ಟಿಕಟ್, 1982ರಲ್ಲಿ. ನ್ಯೂಯಾರ್ಕ್ 1983ರಲ್ಲಿ ಹೊಸ ಕಾರಿಗೆ, 1984ರಲ್ಲಿ ಹಳೇ ಕಾರಿಗೂ ತಂದಿತು. ಹಳೇ ಕಾರಿಗೆ ಇಂಥ ರಕ್ಷಣೆ ಕೊಡುವ ರಾಜ್ಯಗಳು ಇವತ್ತಿಗೂ ಕೆಲವೇ. ನ್ಯೂಯಾರ್ಕಿನ ಲೆಕ್ಕ ಹೀಗಿದೆ: 18,000ದಿಂದ 36,000 ಮೈಲಿ ಓಡಿದ ಗಾಡಿಗೆ 90 ದಿನ ಅಥವಾ 4,000 ಮೈಲಿ; ಅಲ್ಲಿಂದ 80,000ದ ಒಳಗೆ 60 ದಿನ ಅಥವಾ 3,000 ಮೈಲಿ; ಅಲ್ಲಿಂದ ಒಂದು ಲಕ್ಷದವರೆಗೆ 30 ದಿನ ಅಥವಾ 1,000 ಮೈಲಿ. ಯಾವುದು ಮೊದಲೋ ಅದು. ಬೆಲೆ 1,500 ಡಾಲರಿಗೆ ಕಡಿಮೆ ಇರಬಾರದು, ಡೀಲರ್ ಹತ್ತಿರವೇ ಕೊಂಡಿರಬೇಕು. ನಿಮ್ಮ ಹಕ್ಕು ಬಿಟ್ಟುಕೊಟ್ಟಿದ್ದೀರಿ ಅಂತ ಸಹಿ ಹಾಕಿಸಿಕೊಂಡರೂ ಅದು ನಡೆಯಲ್ಲ. ಅದೇ ದೋಷಕ್ಕೆ ಮೂರು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ, ಇಲ್ಲವೇ ಗಾಡಿ ಒಟ್ಟು 15 ದಿನ ಮೂಲೆ ಸೇರಿದರೆ, ದುಡ್ಡು ವಾಪಸ್ ಕೇಳಬಹುದು.

ಯಾವ ಭಾಗಗಳಿಗೆ ರಕ್ಷಣೆ ಅಂತಲೂ ಪಟ್ಟಿ ಇದೆ. ಆಲ್ಟರ್ನೇಟರ್ ಇದೆ, ಬ್ಯಾಟರಿ ಇಲ್ಲ. ಡೀಲರ್ ಹೇಳಿದ್ದರಲ್ಲಿ ಅರ್ಧ ಸತ್ಯ ಅದೇ. ಆದರೆ ಮೀಟರ್ ಹಿಡಿಯುವುದು ನನ್ನ ಹೊಟ್ಟೆಪಾಡು. ಎಂಜಿನ್ ಓಡುವಾಗ ನನ್ನ ಗಾಡಿಯಲ್ಲಿ 14 ವೋಲ್ಟಿನ ಆಸುಪಾಸು ಇರಬೇಕು. ಬಿಸಿಯಾದ ಮೇಲೆ 12.1ಕ್ಕೆ ಇಳೀತಿತ್ತು. ಚಾರ್ಜೇ ಆಗ್ತಿಲ್ಲ, ಬ್ಯಾಟರಿಯದ್ದೇನು ತಪ್ಪು? ಮೊದಲ ಸಲ ಬ್ಯಾಟರಿ ಬದಲಿಸಿ ಕಳಿಸಿದರು. ಎರಡನೇ ಸಲ ಐದು ದಿನ ಇಟ್ಟುಕೊಂಡರು. ಮೂರನೇ ಸಲ ಯಾವುದೋ ಹಳೇ ಆಲ್ಟರ್ನೇಟರ್ ಕೂರಿಸಿ ಹನ್ನೊಂದು ದಿನ ಇಟ್ಟುಕೊಂಡರು. ರೋಗ ಹೋಗಲಿಲ್ಲ. ಆ ದಿನಗಳಲ್ಲಿ ಜೊತೆ ಕೆಲಸದವನ ವ್ಯಾನಿನಲ್ಲಿ ಹೋದೆ, ನಾಲ್ಕು ದಿನದ ಕೂಲಿ ಹೋಯಿತು. ಇನ್ನೊಂದು ಸಲ ತಡವಾದರೆ ಬೇರೆಯವರನ್ನು ನೋಡ್ಕೋತೀನಿ ಅಂತ ಮೇಸ್ತ್ರಿ ಮುಖಕ್ಕೇ ಹೇಳಿದ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ಸಲ ನಾನು ರಿಪೇರಿ ಚೀಟಿ ಕೇಳಲಿಲ್ಲ. "ಸರಿಯಾಯ್ತು, ತಗೊಂಡ್ಹೋಗು" ಅಂದದ್ದಕ್ಕೆ ಥ್ಯಾಂಕ್ಸ್ ಹೇಳಿ ಬಂದುಬಿಟ್ಟೆ. ಆಮೇಲೆ ಡೀಲರ್, ನೀನು ಬಂದದ್ದು ಎರಡೇ ಸಲ ಅಂದ. ಮೂರರ ಲೆಕ್ಕ ಅಲ್ಲಿಗೆ ಮುರಿದುಬಿತ್ತು. ಉಳಿಸಿದ್ದು ದಿನಗಳ ಲೆಕ್ಕ. ಎರಡು ಚೀಟಿಯಲ್ಲಿ ಒಳಗೆ ಹೋದ ತಾರೀಖು, ಹೊರಗೆ ಬಂದ ತಾರೀಖು ಇತ್ತು: ಐದು, ಹನ್ನೊಂದು, ಒಟ್ಟು ಹದಿನಾರು. ಒಂದೇ ಒಂದು ದಿನ ಹೆಚ್ಚು. ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಮಧ್ಯಸ್ಥಿಕೆಗೆ ಶುಲ್ಕ ಕಟ್ಟಿ ಅರ್ಜಿ ಹಾಕಿದೆ, ಚೀಟಿ, ಮೀಟರಿನ ಫೋಟೋ ಎಲ್ಲ ಲಗತ್ತಿಸಿದೆ. ವಿಚಾರಣೆಗೆ ಮೊದಲೇ ಡೀಲರ್ ಫೋನ್ ಮಾಡಿ, ತೆರಿಗೆ ಸೇರಿಸಿ ದುಡ್ಡು ವಾಪಸ್ ಕೊಟ್ಟ. ಹೋದ ಕೂಲಿ ಬರಲಿಲ್ಲ. ಕೆಲಸ ಉಳಿಯಿತು.

ಆದ್ದರಿಂದ ಮುಂದೆ ಹಳೇ ಗಾಡಿ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಕಿಟಕಿಯ ಚೀಟಿ ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿ ರಿಪೇರಿಗೆ ಬಿಟ್ಟ ದಿನ, ತಂದ ದಿನ, ಮೈಲಿ, ದೂರು ಏನು ಅನ್ನುವುದನ್ನು ಪ್ರತಿ ಸಲವೂ ಬರೆಸಿಕೊಳ್ಳಿ. ಬಾಯಿಮಾತಿಗೆ ಥ್ಯಾಂಕ್ಸ್ ಹೇಳಬೇಡಿ. ನಮ್ಮವ್ವನಿಗೆ ಮೊರ ಇದ್ದ ಹಾಗೆ ಇಲ್ಲಿ ನಮಗೆ ಆ ಕಾಗದ.

ಈಗ ಇನ್ನೊಂದು ಹಳೇ ಗಾಡಿ ತಗೊಂಡಿದ್ದೀನಿ. ಪೂಜೆ ಮಾಡಿಸಿ ನಿಂಬೆಹಣ್ಣು ಚಕ್ರದ ಕೆಳಗೇ ಇಟ್ಟೆ. ಅದಕ್ಕೂ ಮೊದಲು ಮೀಟರ್ ಹಿಡಿದು ನೋಡಿದೆ: 14.2.