ಮರದ ಕಡ್ಡಿಗಳು ನುಡಿದ ಸಾಕ್ಷಿ

1796ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೈದ್ಯ ಎಲಿಷಾ ಪರ್ಕಿನ್ಸ್ ಒಂದು ಜೊತೆ ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದರು. ಸುಮಾರು ಮೂರು ಅಂಗುಲ ಉದ್ದದ, ತುದಿ ಚೂಪಾದ ಕಡ್ಡಿಗಳವು. ನೋಯುವ ಕೀಲಿನ ಮೇಲೆ ಅವನ್ನು ಕೆಲಹೊತ್ತು ಎಳೆದಾಡಿದರೆ, ದೇಹದಲ್ಲಿ ಸೇರಿಕೊಂಡ ಕೆಟ್ಟ ವಿದ್ಯುತ್ ದ್ರವ ಹೊರಬೀಳುವುದೆಂಬುದು ಅವರ ವಾದ. ಎಳೆಯುವ ಸಾಧನವೆಂಬ ಅರ್ಥದಲ್ಲಿ ಅವಕ್ಕೆ 'ಟ್ರ್ಯಾಕ್ಟರ್' ಎಂದು ಹೆಸರಿಟ್ಟರು. ಹೊಲ ಉಳುವ ಯಂತ್ರ ಇನ್ನೂ ಹುಟ್ಟಿರಲಿಲ್ಲ! ಮರುವರ್ಷ ಕನೆಕ್ಟಿಕಟ್ ವೈದ್ಯಕೀಯ ಸಂಘ ಅವರನ್ನು ಹೊರಹಾಕಿತು. ಮಗ ಬೆಂಜಮಿನ್ ಮಾತ್ರ ಲಂಡನ್ನಿನಲ್ಲಿ ಜೊತೆಗೆ ಐದು ಗಿನಿಯಂತೆ ಅವನ್ನು ಮಾರತೊಡಗಿದರು.

ಪರ್ಕಿನ್ಸರನ್ನು ಬರಿಯ ವಂಚಕರೆನ್ನಲು ಮನಸ್ಸು ಬಾರದು. 1799ರಲ್ಲಿ ನ್ಯೂಯಾರ್ಕಿನಲ್ಲಿ ಹಳದಿ ಜ್ವರ ಹಬ್ಬಿದಾಗ ತಮ್ಮದೇ ಔಷಧವನ್ನು ಹಿಡಿದು ರೋಗಿಗಳ ನಡುವೆ ಹೋದ ಅವರು, ಅದೇ ಜ್ವರಕ್ಕೆ ಬಲಿಯಾದರು. ಪ್ರಾಮಾಣಿಕ ನಂಬಿಕೆಯೂ ತಪ್ಪಾಗಿರಬಹುದಲ್ಲವೇ?

ಅದೇ ವರ್ಷದ ಜನವರಿಯಲ್ಲಿ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಇಂಗ್ಲೆಂಡಿನ ಬಾತ್ ನಗರದಲ್ಲಿ ಡಾ. ಜಾನ್ ಹೇಗಾರ್ತ್ ಒಂದು ಸರಳ ಪರೀಕ್ಷೆ ನಡೆಸಿದರು. ಲೋಹದವೆಂದೇ ತೋರುವಂತೆ ಬಣ್ಣ ಬಳಿದ ಮರದ ಕಡ್ಡಿಗಳನ್ನು, ದೀರ್ಘಕಾಲದ ಸಂಧಿವಾತದಿಂದ ನರಳುತ್ತಿದ್ದ ಐವರ ಮೇಲೆ ಎಳೆಯಲಾಯಿತು. ನಾಲ್ವರು ನೋವು ಇಳಿಯಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳನ್ನು ಬಳಸಿದಾಗಲೂ ಫಲ ಹೆಚ್ಚುಕಡಿಮೆ ಅದೇ. ಆ ರೋಗಿಗಳು ಸುಳ್ಳಾಡಲಿಲ್ಲ. ಅವರಿಗೆ ಉಪಶಮನ ಸಿಕ್ಕಿದ್ದು ನಿಜ. ಆದರೆ ಅದನ್ನು ತಂದದ್ದು ಲೋಹವಲ್ಲ, ನಿರೀಕ್ಷೆ. ಹೇಗಾರ್ತ್ ಇದನ್ನು 1800ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಈ ಒರೆಗಲ್ಲು ಆಸ್ಪತ್ರೆಗಳನ್ನೂ ಬಿಡಲಿಲ್ಲ. 2002ರಲ್ಲಿ ಅಮೆರಿಕದ ಹೂಸ್ಟನ್ನಿನ ವೈದ್ಯರು, ಮಂಡಿಸವೆತದ 180 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಕೆಲವರಿಗೆ ದುರ್ಬೀನಿನ ಶಸ್ತ್ರಕ್ರಿಯೆ. ಕೆಲವರಿಗೆ ಚರ್ಮ ಕೊಯ್ದು ಹೊಲಿದದ್ದಷ್ಟೇ. ಎರಡು ವರ್ಷವಾದರೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೀಲುನೋವು ಏರುತ್ತದೆ, ತಾನಾಗಿ ಇಳಿಯುತ್ತದೆ. ನಾವು ತಾಮ್ರದ ಕಡಗವನ್ನೋ ಹೆಸರಿಲ್ಲದ ಎಣ್ಣೆಯನ್ನೋ ಕೊಳ್ಳುವುದು ನೋವು ತಾರಕಕ್ಕೇರಿದಾಗಲೇ. ಆಮೇಲೆ ಅದು ಇಳಿದರೆ ಕೀರ್ತಿ ಕಡಗಕ್ಕೆ. ಸವೆತದ ನೋವಿನಲ್ಲಿ ಇದರಿಂದ ಹಣವಷ್ಟೇ ಹೋಗಬಹುದು. ರುಮಟಾಯ್ಡ್ ಸಂಧಿವಾತದ ಮಾತು ಬೇರೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳನ್ನು ಕೊರೆಯುತ್ತದೆ. ಮೆಥೋಟ್ರೆಕ್ಸೇಟ್‌ನಂತಹ ಔಷಧಗಳನ್ನು ಆರಂಭದಲ್ಲೇ ಕೊಟ್ಟರೆ ಆ ಹಾನಿಗೆ ತಡೆಯುಂಟು. ಕಡಗ ತೊಟ್ಟು ಕಾಯುತ್ತ ಕಳೆದ ತಿಂಗಳುಗಳಲ್ಲಿ ಸವೆದುಹೋದ ಮೂಳೆ ಮಾತ್ರ ಮೊದಲಿನಂತಾಗುವುದಿಲ್ಲ.