ಉದ್ಯಮಿಗಳ ಕೂಟವೂ ಅದರ ವೆಚ್ಚವೂ: ಗುರ್ಲಹೊಸೂರಿನಿಂದ ಖಡಕಿಯವರೆಗೆ

ಖಡಕಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ 1817ರ ನವೆಂಬರ್ 5ರ ಯುದ್ಧದೊಡನೆ ಸ್ಮರಿಸುತ್ತಾರೆ. ಅಂದು ಪೇಶ್ವೆಯ ಸೈನ್ಯವು ಪರಾಭವಗೊಂಡ ಬಳಿಕ ಆ ಗ್ರಾಮವು ಆಂಗ್ಲರ ದಂಡಾಗಿ, ಮದ್ದುಗುಂಡುಗಳ ಕಾರ್ಖಾನೆಗೆ ನೆಲೆಯಾಗಿ ಬೆಳೆಯಿತು. ಆ ದಂಡಿನ ಊರಿನಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಎಂಬ ಸಂಸ್ಥೆಯು ಶಾಂತನುರಾವ್ ಕಿರ್ಲೋಸ್ಕರರ ನಾಯಕತ್ವದಲ್ಲಿ ತಲೆಯೆತ್ತಿತು. ಈ ಮನೆತನದ ಯಂತ್ರಗಳ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಆದರೆ ಖಡಕಿಗೆ ಬರುವ 26 ವರ್ಷ ಮೊದಲೇ ಅದು ಯಂತ್ರವಲ್ಲದ ಇನ್ನೊಂದು ವಸ್ತುವನ್ನು ಕಟ್ಟಿತ್ತು. ಅದು ಗಿರಾಕಿಗಳು, ಏಜೆಂಟರು, ಹೊಸ ಉದ್ಯಮದ ಹಂಬಲವುಳ್ಳ ತರುಣರು ಇವರೆಲ್ಲರನ್ನೂ ಒಂದುಗೂಡಿಸಿದ ಕೂಟ. ಇಂತಹ ಕೂಟವು ಹೇಗೆ ಕೂಡುತ್ತದೆ, ಅದರ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದು ಇಲ್ಲಿಯ ವಿಚಾರ.

ಈ ಕಥೆಯ ಆರಂಭ ಕನ್ನಡ ನೆಲದಲ್ಲಿಯೇ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿ, ಸುತ್ತಲಿನ ಊರ ಮಾತು ಕನ್ನಡ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾಗಿದ್ದ ಅವರು ಸೋದರ ರಾಮುಅಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರವನ್ನು ಪ್ರಾರಂಭಿಸಿದರು. ಕಂಡರಿಯದ ವಾಹನವನ್ನು ಮಾರಬೇಕಾದರೆ ಸವಾರಿಯನ್ನೂ ಕಲಿಸಬೇಕಾಗಿತ್ತು. ಬಳಿಕ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆ ನಡೆಯಿತು. ಕಬ್ಬಿಣವು ಭೂಮಿಗೆ ವಿಷವಾದೀತೆಂದು ಅಂಜಿ ರೈತರು ಆ ನೇಗಿಲನ್ನು ಬಹುಕಾಲ ಮುಟ್ಟಲಿಲ್ಲ. ವಸ್ತುವಿಗಿಂತ ಮೊದಲು ವಿಶ್ವಾಸವನ್ನು ನಿರ್ಮಿಸಬೇಕೆಂಬ ಪಾಠವನ್ನು ಈ ಸೋದರರು ಹೀಗೆ ಅನುಭವದಿಂದಲೇ ಕಲಿತರು. ಔಂಧದ ರಾಜರ ಆಶ್ರಯದಲ್ಲಿ 1910ರಲ್ಲಿ ಕುಂಡಲ್ ರೋಡ್ ನಿಲ್ದಾಣದ ಬಳಿಯ ಬಂಜರಿನಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ಅಲ್ಲಿಂದ 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಮಾಸಪತ್ರಿಕೆ ಹೊರಟಿತು. ಇದರ ಸಂಪಾದಕರು ಲಕ್ಷ್ಮಣರಾಯರ ಸೋದರನ ಮಗ, ಚಿತ್ರಕಾರ ಶಂಕರರಾವ್ ಕಿರ್ಲೋಸ್ಕರರು. ಕಾರ್ಖಾನೆಯ ವಾರ್ತೆಯನ್ನು ಏಜೆಂಟರಿಗೂ ಗಿರಾಕಿಗಳಿಗೂ ಮುಟ್ಟಿಸುವುದು ಮೊದಲಿನ ಉದ್ದೇಶವಾಗಿತ್ತು. ಇಂತಹ ಯತ್ನವು ಜಗತ್ತಿಗೆ ಹೊಸದಲ್ಲ. ಅಮೆರಿಕೆಯಲ್ಲಿ ನೇಗಿಲುಗಳಿಗೆ ಹೆಸರಾದ ಜಾನ್ ಡಿಯರ್ ಸಂಸ್ಥೆಯು 1895ರಲ್ಲಿಯೇ ರೈತರಿಗಾಗಿ 'ದಿ ಫರೋ' ಎಂಬ ಪತ್ರಿಕೆಯನ್ನು ತೆಗೆದಿತ್ತು. ಆದರೆ ಕಿರ್ಲೋಸ್ಕರವಾಡಿಯ ಪತ್ರಿಕೆಯು ಅಲ್ಲಿಗೇ ನಿಲ್ಲಲಿಲ್ಲ. ಸ್ವಪ್ರಯತ್ನದಿಂದ ಮೇಲೆ ಬಂದವರ ಚರಿತ್ರೆ, ವಿಜ್ಞಾನ, ಸಮಾಜಸುಧಾರಣೆಗಳ ಲೇಖನಗಳು ಅದರಲ್ಲಿ ಸೇರಿದವು. 'ಖಬರ್' ಎಂಬ ಪದವು ಮುಂದೆ ಹೆಸರಿನಿಂದಲೇ ಕಳಚಿತು. 1930ರಲ್ಲಿ 'ಸ್ತ್ರೀ', 1934ರಲ್ಲಿ 'ಮನೋಹರ್' ಅದರ ಜೊತೆಗೂಡಿದವು.

ಇಲ್ಲಿಯ ಅರ್ಥಶಾಸ್ತ್ರವು ವಿಚಾರಾರ್ಹವಾಗಿದೆ. ಕೇವಲ ಜಾಹೀರಾತನ್ನು ಹೊತ್ತ ಕಾಗದವನ್ನು ಪುಕ್ಕಟೆಯಾಗಿ ಹಂಚಬೇಕಾಗುತ್ತದೆ. ಅದರ ಪೂರ್ಣ ವೆಚ್ಚ ಕಾರ್ಖಾನೆಯದು. ಓದುಗನು ತನ್ನ ಹಿತಕ್ಕಾಗಿ ಬಯಸುವ ಪತ್ರಿಕೆಗಾದರೋ ಚಂದಾ ಬರುತ್ತದೆ. ಚಂದಾದಾರರ ಬಲವನ್ನು ಕಂಡು ಅನ್ಯರ ಜಾಹೀರಾತೂ ಬರುತ್ತದೆ. ಒಂದೇ ಮುದ್ರಣಾಲಯದಿಂದ ಮೂರು ಪತ್ರಿಕೆಗಳು ಹೊರಟಾಗ ತಲಾ ವೆಚ್ಚವು ತಗ್ಗುತ್ತದೆ. ಮಾಲಿಕನು ತನ್ನ ಸರಕಿನ ಮಾತನ್ನು ಎಷ್ಟು ಕಡಿಮೆ ಆಡುತ್ತಾನೋ ಅಷ್ಟು ಹೆಚ್ಚು ಜನರು ಅವನ ಅಂಗಳಕ್ಕೆ ಬರುತ್ತಾರೆ. ಆದರೆ ಹೀಗೆ ಬಂದವರ ವಿಶ್ವಾಸವು ಮಾಲಿಕನ ಆಸ್ತಿಯಲ್ಲ. 'ಸ್ತ್ರೀ'ಯ ಸಂಪಾದಕತ್ವವನ್ನು ಬಿಟ್ಟ ವಿದ್ಯಾ ಬಾಳರು 1989ರಲ್ಲಿ 'ಮಿಳೂನ್ ಸಾರ್ಯಾಜಣಿ'ಯನ್ನು ಆರಂಭಿಸಿದ್ದು ಇದಕ್ಕೆ ಸಾಕ್ಷಿ. ಓದುಗರ ಬಳಗವು ಹೆಸರುಫಲಕಕ್ಕಿಂತ ದನಿಯನ್ನು ಅನುಸರಿಸುತ್ತದೆ.

ಇದೇ ಪ್ರಶ್ನೆಯನ್ನು ಕನ್ನಡನಾಡು ಬೇರೆ ದಾರಿಯಿಂದ ಎದುರಿಸಿತು. 1911ರಲ್ಲಿ ಮೈಸೂರು ಸರ್ಕಾರವು ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಸಂಪದಭ್ಯುದಯ ಸಮಾಜವನ್ನು ಸ್ಥಾಪಿಸಿ, ಕೃಷಿ, ಶಿಕ್ಷಣ, ಕೈಗಾರಿಕೆ-ವಾಣಿಜ್ಯ ಸಮಿತಿಗಳ ಮೂಲಕ ಅಧಿಕಾರಿಗಳನ್ನೂ ನಾಗರಿಕರನ್ನೂ ಒಂದೆಡೆ ಕೂರಿಸಿತು. ವೆಚ್ಚ ಸರ್ಕಾರದ್ದು; ಹೊಣೆಯೂ ಬಹುಮಟ್ಟಿಗೆ ಸರ್ಕಾರದ್ದೇ. 1916ರಲ್ಲಿ ಅವರೇ ದಿವಾನರಾಗಿದ್ದಾಗ ಮೈಸೂರು ವಾಣಿಜ್ಯ ಸಂಘವು ವರ್ತಕರದೇ ಸಂಸ್ಥೆಯಾಗಿ ಹುಟ್ಟಿತು. ಇಂದು ಸಂಪದಭ್ಯುದಯ ಸಮಾಜವು ಇತಿಹಾಸದ ವಿಷಯ. ವಾಣಿಜ್ಯ ಸಂಘವು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿ ಬದುಕಿದೆ. 1928ರಲ್ಲಿ ಆರಂಭವಾದ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯೂ ಉಳಿದಿದೆ. ಸದಸ್ಯನು ಕೊಟ್ಟ ವಂತಿಗೆಯು ಮೊತ್ತದಲ್ಲಿ ಸಣ್ಣದಾದರೂ ಅವನಿಗೆ ಕೇಳುವ ಹಕ್ಕನ್ನು ಕೊಡುತ್ತದೆ. ಆಶ್ರಯದಾತನ ದಾನವು ಎಷ್ಟೇ ದೊಡ್ಡದಾದರೂ ಆ ಹಕ್ಕನ್ನು ಕೊಡಲಾರದು.

ಪುಣೆಯಲ್ಲಿಯೂ ಈ ಮಾತು ನಿಜವಾಯಿತು. 'ಮನೋಹರ್' ಹೊರಟ 1934ರಲ್ಲಿಯೇ ಎ. ಆರ್. ಭಟ್ಟರು ಮರಾಠಾ ವಾಣಿಜ್ಯೋದ್ಯಮ ಮಂಡಲಿಯನ್ನು ಸ್ಥಾಪಿಸಿದರು. ವಾಣಿಜ್ಯ ಸಂಘಗಳು ಸದಸ್ಯತ್ವದ ಶುಲ್ಕದಿಂದಲೂ ರಫ್ತಿನ ಸರಕಿಗೆ ಮೂಲಪ್ರಮಾಣಪತ್ರ, ತರಬೇತಿ, ಪ್ರದರ್ಶನಗಳಂತಹ ಸೇವೆಗಳಿಂದಲೂ ತಮ್ಮ ಖರ್ಚನ್ನು ತೂಗಿಸಿಕೊಳ್ಳುತ್ತವೆ. ಖಡಕಿಯಲ್ಲಿ ಎಂಜಿನುಗಳ ಕಾರ್ಖಾನೆ ಬಂದ ಕಾಲಕ್ಕೆ ನಗರದಲ್ಲಿ ಪರಸ್ಪರ ಪರಿಚಯದ ಒಂದು ಕಟ್ಟೆ ಸಿದ್ಧವಾಗಿಯೇ ಇತ್ತು. ಡೀಸೆಲ್ ಎಂಜಿನಿನ ನೂರಾರು ಬಿಡಿಭಾಗಗಳನ್ನು ಒಂದೇ ಸಂಸ್ಥೆ ಮಾಡಲಾರದು. ಎರಕ ಹೊಯ್ಯುವವನು, ತಿರುಪು ಕೊರೆಯುವವನು, ಸಾಲ ಕೊಡುವವನು ಒಬ್ಬರನ್ನೊಬ್ಬರು ಅರಿತಿರಬೇಕು. 1962ರಲ್ಲಿ ರಚಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಪಿಂಪ್ರಿ-ಚಿಂಚವಾಡದಲ್ಲಿ ನಿವೇಶನಗಳನ್ನು ಒದಗಿಸಿತು. ನಿವೇಶನವನ್ನು ಸರ್ಕಾರ ಕೊಡಬಲ್ಲದು, ಪರಿಚಯವನ್ನು ಕೊಡಲಾರದು.

1992ರಲ್ಲಿ ಅಮೆರಿಕೆಯ ಸಿಲಿಕಾನ್ ಕಣಿವೆಯಲ್ಲಿ ಭಾರತೀಯ ಮೂಲದ ಉದ್ಯಮಿಗಳು 'ಟೈ' ಎಂಬ ಸಂಸ್ಥೆಯನ್ನು ಕಟ್ಟಿದಾಗಲೂ ಇದೇ ಸೂತ್ರವು ಮರಳಿತು. ಅಲ್ಲಿ ಅನುಭವಿಗಳು ತಾವೇ ಶುಲ್ಕ ತೆತ್ತು ಸದಸ್ಯರಾಗಿ ಹೊಸಬರಿಗೆ ಸಲಹೆ ನೀಡುತ್ತಾರೆ. ಈಗ ಇಂತಹ ಕೂಟಗಳು ಅಂತರ್ಜಾಲಕ್ಕೂ ಸಾಗಿವೆ; ಸಾಧನ ಬದಲಾಯಿತು, ಸಮಸ್ಯೆ ಬದಲಾಗಲಿಲ್ಲ. ಕೂಟವನ್ನು ಕೂಡಿಸಿದವನು ಸೇರಿದವರನ್ನೇ ಸರಕಾಗಿಸಿ ಜಾಹೀರಾತುದಾರನಿಗೆ ಮಾರಿದರೆ ಅವರು ಸದ್ದಿಲ್ಲದೆ ಎದ್ದುಹೋಗುತ್ತಾರೆ. ಏನನ್ನೂ ಕೇಳದೆ ಎಲ್ಲವನ್ನೂ ತಾನೇ ಭರಿಸಿದರೆ ಅವನ ಕೈ ಸೋತ ದಿನ ಕೂಟವೂ ಮುಗಿಯುತ್ತದೆ.

ಗುರ್ಲಹೊಸೂರಿನ ಮನೆತನವು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರ್ಖಾನೆ ತೆರೆದು ಕನ್ನಡನಾಡಿಗೂ ಯಂತ್ರೋದ್ಯಮವನ್ನು ತಂದಿತು. ಆದರೆ ಅದರ ಪತ್ರಿಕೆಗಳು ನುಡಿದದ್ದು ಮರಾಠಿಯನ್ನು. ಕನ್ನಡದಲ್ಲಿ ಅಂತಹ ಕಟ್ಟೆಯನ್ನು ಕಟ್ಟುವ ಹೊಣೆ ಕನ್ನಡಿಗರದೇ ಆಗಿದೆ. ಹೊರನಾಡಿನಲ್ಲಿ ನೆಲೆಸಿ, ತಿಂಗಳ ವಂತಿಗೆಯಿಂದಲೇ ಸಂಘಗಳನ್ನು ಬಾಳಿಸಿಕೊಂಡು ಬಂದವರಿಗೆ ಈ ವಿದ್ಯೆ ಅಪರಿಚಿತವೇನೂ ಅಲ್ಲ. ಸಾಹಿತ್ಯಕ್ಕೆ, ನಾಟಕಕ್ಕೆ, ಹಬ್ಬಕ್ಕೆ ಸಂದ ಆ ಶ್ರದ್ಧೆಯ ಒಂದು ಪಾಲು, ಖಡಕಿಯಂತಹ ಬಡಾವಣೆಗಳಲ್ಲಿ ಮೊದಲ ಯಂತ್ರವನ್ನು ಸಾಲದಿಂದ ಕೊಂಡು ಒಂಟಿಯಾಗಿ ದುಡಿಯುವ ಕನ್ನಡ ತರುಣನಿಗೂ ಸಲ್ಲುವುದು ನ್ಯಾಯವಾಗಿದೆ.