ಭೇದರಕ್ಷಣೆ ಮತ್ತು ಅನುಭಾವಗೋಷ್ಠಿ: ಕಲ್ಯಾಣ-ಹುಮನಾಬಾದ ಪರಿಸರದ ಒಂದು ವಿವೇಚನೆ

ಒಂದೇ ನಾಡಿನಲ್ಲಿ ಹಲವು ಮತ, ಹಲವು ಭಾಷೆ, ಹಲವು ಕುಲಗಳ ಜನ ಬಾಳುವಾಗ ಅವರ ಪರಸ್ಪರ ಸಂಬಂಧ ಹೇಗಿರಬೇಕೆಂಬುದು ಕೇವಲ ರಾಜನೀತಿಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು. ಇದಕ್ಕೆ ಸಮಾಜಚಿಂತಕರು ಮುಖ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತಾರೆ. ಪ್ರತಿಯೊಂದು ಸಮುದಾಯವೂ ತನ್ನ ಆಚಾರ, ಭಾಷೆ, ನಂಬಿಕೆಗಳನ್ನು ಉಳಿಸಿಕೊಂಡು ಬಾಳಲಿ, ಪ್ರಭುತ್ವವು ಎಲ್ಲವಕ್ಕೂ ಸಮಾನ ಮನ್ನಣೆ ನೀಡಲಿ ಎಂಬುದು ಮೊದಲನೆಯದು. ಇದಕ್ಕೆ ಬಹುಸಂಸ್ಕೃತಿವಾದವೆಂದು ಹೆಸರು. ಉಳಿಸಿಕೊಂಡು ಬಾಳಿದರಷ್ಟೇ ಸಾಲದು, ಸಮುದಾಯಗಳು ಒಂದೆಡೆ ಕೂಡಿ ಮಾತನಾಡಬೇಕು, ಒಬ್ಬರಿಂದೊಬ್ಬರು ಕಲಿತು ಬದಲಾಗಬೇಕು ಎಂಬುದು ಎರಡನೆಯದು. ಇದನ್ನು ಅಂತರಸಂಸ್ಕೃತಿವಾದವೆನ್ನುವರು. ಕೆನಡಾ ದೇಶವು 1971ರ ಅಕ್ಟೋಬರಿನಲ್ಲಿ ಮೊದಲನೆಯದನ್ನು ತನ್ನ ರಾಷ್ಟ್ರನೀತಿಯೆಂದು ಸಾರಿತು. 1988ರಲ್ಲಿ ಅದಕ್ಕೊಂದು ಕಾಯಿದೆಯನ್ನೂ ಮಾಡಿತು. ಅದೇ ದೇಶದ ಫ್ರೆಂಚ್ ಭಾಷಿಕ ಪ್ರಾಂತವಾದ ಕ್ವಿಬೆಕ್ ಎರಡನೆಯದರತ್ತ ಒಲಿಯಿತು. 2005ರ ಯುನೆಸ್ಕೋ ಒಡಂಬಡಿಕೆಯೂ ಸಂಸ್ಕೃತಿಗಳ ಸಮಾನ ಸಂವಾದವನ್ನೂ ಆ ಸಂವಾದದಿಂದ ಹುಟ್ಟುವ ಸಮಾನ ಅಭಿವ್ಯಕ್ತಿಯನ್ನೂ ಎತ್ತಿಹಿಡಿಯಿತು.

ಹೆಸರುಗಳು ಹೊಸವು, ವಿಷಯ ಹೊಸದಲ್ಲ. ಈ ಎರಡು ದಾರಿಗಳೂ ಹನ್ನೊಂದು-ಹನ್ನೆರಡನೆಯ ಶತಮಾನಗಳಲ್ಲಿ ಒಂದೇ ಪಟ್ಟಣದಲ್ಲಿ ಎದುರುಬದುರಾದವು. ಆ ಪಟ್ಟಣವೇ ಇಂದಿನ ಬಸವಕಲ್ಯಾಣ.

ಆಹವಮಲ್ಲ ಸೋಮೇಶ್ವರನು ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ಚಾಲುಕ್ಯರ ರಾಜಧಾನಿಯನ್ನಾಗಿಸಿದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು ಐವತ್ತು ವರ್ಷ ಆಳಿದನು. ಚಾಲುಕ್ಯರ ನಾಡು ಹಲವು ಸಮಯಗಳ ನಾಡಾಗಿತ್ತು. 1095ರ ಡಂಬಳದ ಶಾಸನವು ಅಲ್ಲಿದ್ದ ಬೌದ್ಧವಿಹಾರಕ್ಕೂ ತಾರಾದೇವಿಗೂ ದತ್ತಿಯನ್ನು ದಾಖಲಿಸಿದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿ ಇತ್ತು. ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳ ಆಲಯಗಳು ಒಂದೇ ಊರಿನಲ್ಲಿದ್ದವು. ಅಲ್ಲಿಯ ಕೋಡಿಯಮಠದಲ್ಲಿ ಪರಮತಗಳ ದರ್ಶನವನ್ನೂ ಓದಿಸುತ್ತಿದ್ದರೆಂದು 1162ರ ಶಾಸನವೊಂದು ತಿಳಿಸುತ್ತದೆ. ಅರಸನ ಕೈ ಎಲ್ಲ ಸಮಯಗಳಿಗೂ ನೀರೆರೆಯುತ್ತಿತ್ತು.

ಈ ವ್ಯವಸ್ಥೆಗೆ ಶಾಸ್ತ್ರದ ಆಧಾರವೂ ಇತ್ತು. ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ಸಮಯಧರ್ಮಗಳ ಉಲ್ಲಂಘನೆಯನ್ನು ಕುರಿತ ಒಂದು ಪ್ರಕರಣವಿದೆ. ಶ್ರೇಣಿಗಳು, ವರ್ತಕರು, ವೇದಬಾಹ್ಯ ಮತಸ್ಥರು, ಗಣಗಳು ಇವರೆಲ್ಲರ ಭೇದವನ್ನು ಅರಸನು ಕಾಪಾಡಬೇಕು, ಅವರವರ ಪೂರ್ವದ ನಡೆವಳಿಯನ್ನು ಪಾಲಿಸುವಂತೆ ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಬಹುಸಂಸ್ಕೃತಿವಾದದ ತಿರುಳನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಅಲ್ಪಸಂಖ್ಯಾತನಿಗೂ ಪರಮತದವನಿಗೂ ಇದು ಅಭಯ. ಅವನ ಆಚಾರವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಆದರೆ ಇದೇ ಮಾತಿಗೆ ಇನ್ನೊಂದು ಮುಖವುಂಟು. ಭೇದವನ್ನು ಕಾಪಾಡುವುದೆಂದರೆ ಕೇರಿಯ ಗೋಡೆಯನ್ನೂ ಕಾಪಾಡುವುದು. ಅಗ್ರಹಾರದ ಭೇದ ಉಳಿದಂತೆ ಹೊಲಗೇರಿಯ ಭೇದವೂ ಉಳಿಯುತ್ತದೆ. ಸಮಗಾರನು ಪೂರ್ವದ ನಡೆವಳಿಯಲ್ಲೇ ಇರಬೇಕಾಗುತ್ತದೆ. ಸಮುದಾಯಗಳ ನಡುವೆ ನ್ಯಾಯವಿದ್ದಂತೆ ತೋರಿದರೂ ಸಮುದಾಯದೊಳಗಿನ ಒಬ್ಬ ವ್ಯಕ್ತಿಗೆ, ಅದರಲ್ಲೂ ಕೆಳಗಿರುವವನಿಗೆ, ಹೊರಬರುವ ಬಾಗಿಲಿಲ್ಲ. ಬಹುಸಂಸ್ಕೃತಿವಾದದ ಮೇಲೆ ಇಂದಿನ ವಿಮರ್ಶಕರು ಹೊರಿಸುವ ಆಕ್ಷೇಪವೂ ಇದೇ. ಇಂಗ್ಲೆಂಡಿನ ಉತ್ತರದ ಪಟ್ಟಣಗಳಲ್ಲಿ 2001ರಲ್ಲಿ ನಡೆದ ಗಲಭೆಗಳ ವಿಚಾರಣೆಯು, ಅಲ್ಲಿಯ ಜನ ಒಂದೇ ಊರಿನಲ್ಲಿದ್ದೂ ಎಂದೂ ಕೂಡದ ಸಮಾನಾಂತರ ಬಾಳನ್ನು ಬಾಳುತ್ತಿದ್ದರೆಂದು ಕಂಡುಕೊಂಡಿತು.

ಶರಣರು ಕಲ್ಯಾಣಕ್ಕೆ ಬಂದದ್ದು ಇಂತಹ ಕೇರಿಗಳ ಪಟ್ಟಣಕ್ಕೆ. ಬಳ್ಳಿಗಾವೆಯಿಂದ ಅಲ್ಲಮಪ್ರಭು, ಉಡುತಡಿಯಿಂದ ಅಕ್ಕಮಹಾದೇವಿ, ಸೊನ್ನಲಿಗೆಯಿಂದ ಸಿದ್ಧರಾಮ ಬಂದರು. ಡೋಹರ ಕಕ್ಕಯ್ಯನು ಮಾಳವದಿಂದ ಬಂದನೆಂದು ಪರಂಪರೆ ಹೇಳುತ್ತದೆ. ಇಲ್ಲಿ ಒಂದು ಹೋಲಿಕೆ ಗಮನಾರ್ಹ. ಕಾಶ್ಮೀರದ ಕವಿ ಬಿಲ್ಹಣನು ಕಲ್ಯಾಣಕ್ಕೆ ಬಂದು ವಿಕ್ರಮಾದಿತ್ಯನಿಂದ ವಿದ್ಯಾಪತಿ ಎಂಬ ಪದವಿಯನ್ನು ಪಡೆದನು, ಅರಸನ ಚರಿತೆಯನ್ನು ಸಂಸ್ಕೃತದಲ್ಲಿ ಬರೆದನು. ಕಾಶ್ಮೀರದ ಅರಸನೇ ಆಗಿದ್ದನೆಂದು ಪರಂಪರೆ ನಂಬುವ ಮೋಳಿಗೆಯ ಮಾರಯ್ಯನು ಅದೇ ಪಟ್ಟಣದಲ್ಲಿ ಸೌದೆಯ ಹೊರೆ ಹೊತ್ತು ಮಾರಿದನು, ಕನ್ನಡದಲ್ಲಿ ವಚನ ನುಡಿದನು. ಬಿಲ್ಹಣನು ತಾನು ತಂದ ವಿದ್ಯೆಯಿಂದಲೇ ಅರಮನೆಯಲ್ಲಿ ಮನ್ನಣೆಗೊಂಡನು. ಮಾರಯ್ಯನು ಬಂದ ನೆಲದ ನುಡಿಯನ್ನೂ ಕಾಯಕವನ್ನೂ ತನ್ನದಾಗಿಸಿಕೊಂಡು ಬೇರೆಯೇ ಮನುಷ್ಯನಾದನು.

ಶರಣರ ಗೋಷ್ಠಿಯು ಭೇದವನ್ನು ಅಳಿಸಿಹಾಕಿತೆಂದು ತಿಳಿಯುವುದೂ ಸರಿಯಲ್ಲ. ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿ ಕಾಯಕವು ಮುಚ್ಚುಮರೆಯಿಲ್ಲದೆ ಉಳಿದಿದೆ. ಹೊಳೆಯ ಹರಿಗೋಲು, ಅಗಸನ ಬಂಡೆ, ಮೇದನ ಬಿದಿರು ಅವರವರ ಅನುಭಾವದ ಭಾಷೆಯಾದವು. ಒಬ್ಬೊಬ್ಬರಿಗೂ ಒಂದೊಂದು ಅಂಕಿತವಿತ್ತು. ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಕಾರ್ತಿಯರಾದರು. ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ವಚನಗಳು ಇಂದು 15 ಸಂಪುಟಗಳಲ್ಲಿ ದೊರೆಯುತ್ತಿದ್ದು, ಈ ದನಿಗಳ ಬಹುತ್ವ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ಈ ದನಿಗಳು ಒಂದರ ಪಕ್ಕದಲ್ಲೊಂದು ಸುಮ್ಮನೆ ನಿಲ್ಲಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯನ್ನು ನೋಡಿದರೆ, ಗೋಷ್ಠಿಗೆ ಬಂದವರಾರೂ ಪ್ರಶ್ನೆಗೊಳಗಾಗದೆ ಉಳಿದಿಲ್ಲ. ಕೆರೆ-ದೇಗುಲಗಳನ್ನು ಕಟ್ಟಿಸಿದ ಸಿದ್ಧರಾಮನನ್ನು ಅಲ್ಲಮನು ಪ್ರಶ್ನಿಸುತ್ತಾನೆ. ಅಕ್ಕನೂ ಪರೀಕ್ಷೆಗೊಳಗಾಗುತ್ತಾಳೆ. ಕೈಲಾಸವನ್ನು ಬಯಸಿದ ಮಾರಯ್ಯನನ್ನು ಅವನ ಹೆಂಡತಿ ಮಹಾದೇವಿಯೇ ತಿದ್ದುತ್ತಾಳೆ. ಅವಶ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿಸುತ್ತಾಳೆ. ಮಂತ್ರಿಪದವಿಯ ಬಸವಣ್ಣನೂ ಮಾಚಯ್ಯನ ಕಟುನುಡಿಗೆ ತಲೆಬಾಗುತ್ತಾನೆ. ಮೇಲಿನವನು ಕಲಿಸುವುದು, ಕೆಳಗಿನವನು ಕಲಿಯುವುದು ಎಂಬ ಏಕಮುಖ ನಡೆ ಇಲ್ಲಿಲ್ಲ. ಅಂತರಸಂಸ್ಕೃತಿವಾದದ ಮೂಲತತ್ತ್ವವಾದ ಪರಸ್ಪರ ಪರಿವರ್ತನೆ ಇಲ್ಲಿ ಪೂರ್ಣವಾಗಿ ಕಾಣುತ್ತದೆ.

ಮಾತು ಮಾತಾಗಿಯೇ ಉಳಿದಿದ್ದರೆ ಅರಮನೆ ಅದನ್ನು ಸಹಿಸುತ್ತಿತ್ತೇನೋ. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದಾಗ ಭೇದರಕ್ಷಣೆಯ ಶಾಸ್ತ್ರಕ್ಕೂ ಶರಣಧರ್ಮಕ್ಕೂ ನೇರ ಘರ್ಷಣೆಯಾಯಿತು. ಬ್ರಾಹ್ಮಣಕನ್ಯೆಯನ್ನು ಸಮಗಾರನ ಮಗನಿಗೆ ಕೊಡುವುದು ಸ್ಮೃತಿಯ ದೃಷ್ಟಿಯಲ್ಲಿ ಪ್ರತಿಲೋಮ. ಬಿಜ್ಜಳನು ತಂದೆಯರಿಬ್ಬರಿಗೂ ಕ್ರೂರ ಶಿಕ್ಷೆ ವಿಧಿಸಿದನೆಂದೂ ಕಲ್ಯಾಣದಲ್ಲಿ ಕ್ಷೋಭೆಯೆದ್ದು ಶರಣರು ಚದುರಿದರೆಂದೂ ಪುರಾಣಗಳು ನಿರೂಪಿಸುತ್ತವೆ. 1167ರ ಹೊತ್ತಿಗೆ ಬಿಜ್ಜಳನ ಆಳಿಕೆ ಮುಗಿದಿತ್ತು. ಈ ದುರಂತವನ್ನು ಒಬ್ಬ ಅರಸನ ದುಷ್ಟತನವೆಂದಷ್ಟೇ ಕಂಡರೆ ಅದರ ಅರ್ಥ ಕಿರಿದಾಗುತ್ತದೆ. ಎಲ್ಲರನ್ನೂ ಅವರವರ ಕೇರಿಯಲ್ಲಿ ಕಾಪಾಡುವೆನೆಂದ ಪ್ರಭುತ್ವವು, ಕೇರಿಯನ್ನು ದಾಟಿದವರನ್ನು ಕಾಪಾಡಲಾರದೆ ಹೋಯಿತು. ಭಾರತದಲ್ಲಿ ಜಾತಿಮತಗಳನ್ನು ಮೀರಿದ ವಿವಾಹಕ್ಕೆ ಕಾನೂನಿನ ಆಶ್ರಯ ನೀಡಿದ ವಿಶೇಷ ವಿವಾಹ ಕಾಯಿದೆ ಬಂದದ್ದು 1954ರಲ್ಲಿ. ಸುಮಾರು ಎಂಟುನೂರು ವರ್ಷಗಳ ನಂತರ.

ಹಾಗೆಂದು ಶರಣಮಾರ್ಗದ ಷರತ್ತುಗಳನ್ನು ಮರೆಮಾಚಬೇಕಾಗಿಲ್ಲ. ಗೋಷ್ಠಿಗೆ ಕುಲದ ತಡೆ ಇರಲಿಲ್ಲ, ಆದರೆ ಲಿಂಗನಿಷ್ಠೆಯ ನಿಯಮವಿತ್ತು. ಅನ್ಯದೈವದ ಪೂಜೆಯನ್ನು ವಚನಕಾರರು ನಿಷ್ಠುರವಾಗಿ ನಿರಾಕರಿಸಿದರು. ಅಲ್ಲಿ ಪರಿವರ್ತನೆ ಆಳವಾಗಿತ್ತು. ಪ್ರವೇಶಕ್ಕೆ ಮಾತ್ರ ದೀಕ್ಷೆಯ ಬಾಗಿಲನ್ನು ಹಾದುಬರಬೇಕಾಗಿತ್ತು. ಆ ಬಾಗಿಲಿನ ಹೊರಗೆ ಉಳಿದವರೊಡನೆ ಹೇಗೆ ಬಾಳಬೇಕೆಂಬ ಪ್ರಶ್ನೆಗೆ ಈ ಸೀಮೆಯೇ ಮುಂದಿನ ಶತಮಾನಗಳಲ್ಲಿ ಬೇರೆ ಉತ್ತರಗಳನ್ನು ಹುಡುಕಿತು.

ಬೀದರಿನ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಸಮಾಧಿಯಿದೆ. 1422ರಿಂದ 1436ರವರೆಗೆ ಆಳಿದ ಈತನನ್ನು ಮುಸಲ್ಮಾನರು ವಲಿಯೆಂದೂ ವೀರಶೈವ ಭಕ್ತರು ಅಲ್ಲಮಪ್ರಭುವೆಂದೂ ಭಾವಿಸುತ್ತಾರೆ. ಅವನ ಉರುಸು ಹೋಳಿ ಹುಣ್ಣಿಮೆಯ ನಂತರ ನಡೆಯುತ್ತದೆ. ಕಲಬುರಗಿ ಸೀಮೆಯ ಜಂಗಮರು ಬಂದು ಅದರ ಮುಂದಾಳ್ತನ ವಹಿಸುವುದು ಸಂಪ್ರದಾಯ. ಒಂದೇ ಗುಮ್ಮಟದಡಿ ಎರಡು ನಂಬಿಕೆಗಳು ಒಂದನ್ನೊಂದು ತಳ್ಳದೆ ನಿಂತಿವೆ.

ಬಸವಕಲ್ಯಾಣದಿಂದ ಸುಮಾರು 30 ಕಿಲೋಮೀಟರ್ ದೂರದ ಹುಮನಾಬಾದು ವೀರಭದ್ರೇಶ್ವರನ ಜಾತ್ರೆಗೆ ಹೆಸರಾದ ಊರು. ಅದರ ಮಗ್ಗುಲಲ್ಲಿ 1845ರಲ್ಲಿ ಮಾಣಿಕನಗರ ನೆಲೆಗೊಂಡಿತು. ಅದರ ಸ್ಥಾಪಕರಾದ ಮಾಣಿಕಪ್ರಭುಗಳು ಜನಿಸಿದ್ದು 1817ರಲ್ಲಿ, ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ. ಬಾಲ್ಯ ಕಳೆದದ್ದು ನವಾಬರ ಆಳಿಕೆಯ ಕಲ್ಯಾಣದಲ್ಲಿ. ಅವರು ಬೋಧಿಸಿದ ಸಕಲಮತವು ಯಾವ ಮತವನ್ನೂ ಬಿಡೆಂದು ಹೇಳಲಿಲ್ಲ. ಎಲ್ಲ ಮತಗಳ ಒಳಗೂ ಇರುವ ಚೈತನ್ಯ ಒಂದೇ ಎಂದಿತು. ಅವರ ಪದಗಳು ಮರಾಠಿ, ಕನ್ನಡ, ಹಿಂದೂಸ್ತಾನಿಗಳಲ್ಲಿವೆ. ವೈದಿಕರು ಅವರನ್ನು ದತ್ತಾವತಾರವೆಂದರು, ಲಿಂಗಾಯತ ಭಕ್ತರು ಬಸವಣ್ಣನ ಅಂಶವೆಂದರು, ಮುಸಲ್ಮಾನ ಭಕ್ತರು ಮೆಹಬೂಬ್ ಸುಬಾನಿಯೆಂದು ಕಂಡರು. ಇಲ್ಲಿಯ ಬಾಗಿಲು ಬಲು ಅಗಲ. ಆದರೆ ದರ್ಬಾರಿನಿಂದ ಹಿಂದಿರುಗಿದವನು ತನ್ನ ಕೇರಿಗೇ ಹಿಂದಿರುಗಿದನು. ಮದುವೆ-ಊಟಗಳ ಗೋಡೆ ಹಾಗೆಯೇ ಉಳಿಯಿತು. ಕಲ್ಯಾಣದ ದಾರಿಯಲ್ಲಿ ಆಳವಿತ್ತು, ಮಾಣಿಕನಗರದ ದಾರಿಯಲ್ಲಿ ಹರವಿತ್ತು. ಒಂದರ ಕೊರತೆಯನ್ನು ಇನ್ನೊಂದು ತೋರಿಸಿಕೊಡುತ್ತದೆ.

ಮನ್ನಣೆಯಿಲ್ಲದೆ ಸಂವಾದವೂ ಇಲ್ಲವೆಂಬುದಕ್ಕೆ ಈ ಸೀಮೆಯ ಭಾಷೆಯ ಇತಿಹಾಸವೇ ಸಾಕ್ಷಿ. ನಿಜಾಮರ ಆಡಳಿತದಲ್ಲಿ ಉರ್ದು ಕಚೇರಿಯ ಭಾಷೆಯೂ ಶಿಕ್ಷಣದ ಭಾಷೆಯೂ ಆಗಿತ್ತು. ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದ ಮನೆಮಾತು. ಅವರು ವಿರೋಧಿಸಿದ್ದು ಉರ್ದುವನ್ನಲ್ಲ, ಕನ್ನಡಕ್ಕೆ ಸ್ಥಾನವಿಲ್ಲದ ಸ್ಥಿತಿಯನ್ನು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು; ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಅಂದು ಕನ್ನಡ ಮಾತನಾಡುವ ಮನೆಗಳು ಗಡಿಯಾಚೆಗೂ, ಮರಾಠಿ-ತೆಲುಗು-ಉರ್ದು ಮನೆಗಳು ಗಡಿಯೀಚೆಗೂ ಉಳಿದವು. ಸಂವಿಧಾನದ 29 ಮತ್ತು 30ನೆಯ ವಿಧಿಗಳು ಇಂತಹವರ ಭಾಷೆ-ಸಂಸ್ಕೃತಿಗಳಿಗೆ ರಕ್ಷಣೆ ನೀಡಿವೆ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳು ಮತ-ಭಾಷೆ-ಪ್ರದೇಶಗಳ ಭೇದವನ್ನು ಮೀರಿದ ಸೋದರಭಾವವನ್ನು ಬೆಳೆಸಿರೆಂದು ಹೇಳುತ್ತವೆ. ಮೊದಲನೆಯದು ಹಕ್ಕು, ಎರಡನೆಯದು ಕರ್ತವ್ಯ. ಹಕ್ಕನ್ನು ನ್ಯಾಯಾಲಯ ಕೊಡಿಸಬಲ್ಲದು. ಈ ಕರ್ತವ್ಯವನ್ನು ಜನರೇ ನಡೆಸಬೇಕು.

2019ರಲ್ಲಿ ಹೈದರಾಬಾದು ಕರ್ನಾಟಕವು ಕಲ್ಯಾಣ ಕರ್ನಾಟಕವೆಂಬ ಹೆಸರು ಪಡೆಯಿತು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2022ರಲ್ಲಿ ಮೂಲ ಮಂಟಪದ ಸ್ಥಳವು ಅಲ್ಲಿಯ ಪೀರ್ ಪಾಷಾ ಬಂಗಲೆಯೇ ಎಂಬ ವಾದ ಎದ್ದು ಊರಿನಲ್ಲಿ ಚರ್ಚೆ ಬಿಸಿಯಾಯಿತು. ನೆಲದ ಪ್ರಶ್ನೆಯನ್ನು ಶಾಸನ-ದಾಖಲೆಗಳು ಮತ್ತು ನ್ಯಾಯಮಾರ್ಗ ತೀರ್ಮಾನಿಸಬೇಕು. ಆದರೆ ಮಂಟಪದ ವಾರಸುದಾರರೆನ್ನುವವರಿಗೆ ಇನ್ನೊಂದು ಹೊಣೆಯಿದೆ: ಆ ವಾದದಲ್ಲಿ ಎದುರಿಗಿರುವವನನ್ನೂ ಕೂಡಿಸಿಕೊಂಡು ಮಾತನಾಡುವುದು. ಅನುಭವ ಮಂಟಪದ ಹೆಸರಿನಲ್ಲಿ ಮಾತು ನಿಂತುಹೋದರೆ ದೊರೆತ ನೆಲವೂ ಬರಿಯ ನೆಲವಾಗಿಯೇ ಉಳಿಯುತ್ತದೆ.

ಇದಕ್ಕಿಂತ ಹತ್ತಿರದ ಪರೀಕ್ಷೆಯೂ ಒಂದುಂಟು. ಕೇರಿಗಳನ್ನು ದಾಟಿ ಹುಟ್ಟಿದ ಸಮಾಜವು ಕಾಲಾಂತರದಲ್ಲಿ ತಾನೇ ಒಂದು ಕೇರಿಯಾಯಿತು. ಅದರೊಳಗೆ ಒಳಪಂಗಡಗಳ ಓಣಿಗಳೂ ಮೂಡಿದವು. ಹರಳಯ್ಯ-ಮಧುವರಸರ ಸ್ಮರಣೆ ಮಾಡುವ ಮನೆಗಳಲ್ಲೇ ಸಂಬಂಧ ಬೆಳೆಸುವಾಗ ಪಂಗಡ ಕೇಳುವ ರೂಢಿ ಇದೆ. ಸರಕಾರಗಳು ಎಲ್ಲ ಸಮುದಾಯಗಳಿಗೂ ಮನ್ನಣೆ ನೀಡಲಿ. ಅದು ವಿಜ್ಞಾನೇಶ್ವರನ ಕಾಲದಿಂದಲೂ ಪ್ರಭುತ್ವದ ಧರ್ಮ. ಅದರಾಚೆಯ ಕೆಲಸ ಮಠಗಳದ್ದು, ಮನೆಗಳದ್ದು. ಮಾಸಿಕ ಅನುಭಾವಗೋಷ್ಠಿಗೆ ಹೊರಗೇರಿಯವನನ್ನೂ ಅನ್ಯಮತದವನನ್ನೂ ಕೇಳಲಿಕ್ಕಷ್ಟೇ ಅಲ್ಲ, ಪ್ರಶ್ನಿಸಲಿಕ್ಕೂ ಕರೆಯುವುದು, ದಾಸೋಹದ ಪಂಕ್ತಿಯನ್ನು ಒಂದಾಗಿ ಇಡುವುದು, ಮದುವೆಯ ಮಾತಿನಲ್ಲಿ ಪಂಗಡದ ಪ್ರಶ್ನೆಯನ್ನು ಕೈಬಿಡುವುದು, ಇವು ಇಂದೇ ಆಗಬಹುದಾದ ಕಾರ್ಯಗಳು. ನೂತನ ಮಂಟಪದ ಕಂಬಗಳು ಎಷ್ಟಾದರೂ ಇರಲಿ, ಅವುಗಳ ನಡುವೆ ಮಾಚಯ್ಯನಂತಹವನು ಬಂದು ಬಸವಣ್ಣನಂತಹವನನ್ನು ತಿದ್ದಲು ಅವಕಾಶವಿರಬೇಕು.